ಚುರುಮುರಿ ಚೀಲದ ಭಾರ

ತಿಂಥಣಿ
೧೭ ಜನವರಿ ೨೦೨೫, ಶುಕ್ರವಾರ

ಗುಡ್ಡಿಯ ಅಬ್ಬಾ ಅವರಿಗೆ,

ಸಲಾಮ್. ನಾನು ಇಲ್ಲಿ ಕ್ಷೇಮ, ನೀವೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ಕಾಗದದ ರಿವಾಜು. ಆದರೆ ನಾನು ನಂಬಿಲ್ಲ. ಮೊದಲ ಸಾಲಿಗೇ ರಿವಾಜು ಮುರಿಯಬೇಕಾಯಿತು, ಮಾಫ್ ಮಾಡ್ರಿ.

ಕೈಯಲ್ಲಿ ಮೊಬೈಲು ಇರುವಾಗ ಈಕೆಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನೀವು ಕನ್ನಡಕ ಹುಡುಕುತ್ತ ಗೊಣಗುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನಮ್ಮ ಎರಡೂ ಕಡೆ ಫೋನು ಅಂದರೆ ಸ್ಪೀಕರ್ ಮೇಲೆ ಇಟ್ಟು ಮಾತಾಡುವ ವಸ್ತು. ಇಲ್ಲಿ ನನ್ನ ತಂಗಿ ಅರ್ಜುಮಂದ ರೊಟ್ಟಿ ಬಡಿಯುತ್ತ ಕೇಳುತ್ತಾಳೆ, ಅಲ್ಲಿ ನಿಮ್ಮ ಭಟ್ಟಿಯ ಮಂದಿ ಚುರುಮುರಿಗೆ ಜರಡಿ ಹಿಡಿಯುತ್ತ ಕೇಳುತ್ತಾರೆ. ಅದೂ ಅಲ್ಲದೆ, ನಾನು ಡಾಕ್ಟರ್ ಅಂದ ಕೂಡಲೇ ಶಹಾಪುರದ ಟವರು ಬಿದ್ದುಹೋಗುತ್ತದೆ. ಅಷ್ಟೊತ್ತನಕ ಗಂಟೆ ಬಾರಿಸಿದ ಹಾಗೆ ಕೇಳುತ್ತಿದ್ದ ನಿಮ್ಮ ದನಿ, ಒಮ್ಮೆಲೇ ಹಲೋ ಹಲೋ, ಕೇಳವಲ್ದು ಅನ್ನತೊಡಗುತ್ತದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಖರೇ. ಆದರೆ ಅಳಿಯ ಎದುರಿಗೆ ನಿಂತಿರುವಾಗ ಹೆಂಡತಿಯ ಕಾಗದ ಹರಿಯುವ ಗಂಡಸು ನೀವಲ್ಲ. ಅದಕ್ಕೇ ಅಲ್ತಾಫನ ಕೈಯಲ್ಲಿ ಕೊಡುತ್ತಿದ್ದೇನೆ. ಮೌನೇಶ್ವರ ಗುಡಿಗೆ ಬರುವ ಭಕ್ತರ ಬಾಡಿಗೆ ಸಿಕ್ಕಿತ್ತಂತೆ, ಯಾದಗಿರಿಯಿಂದ ಕಾರು ತಗೊಂಡು ಬಂದಿದ್ದಾನೆ. ನಾಳೆ ಬೆಳಗ್ಗೆ ಶಹಾಪುರದ ಮೇಲೆಯೇ ವಾಪಸು ಹೋಗುವವನು.

ನಾವು ಜಗಳ ಆಡುವುದು ದಖನಿಯಲ್ಲಿ. ನನಗೆ ಬರೆಯಲು ಬರುವುದು ನಾನು ಕಲಿತ ಗೋಗಿಯ ಸರ್ಕಾರಿ ಸಾಲಿಯ ಕನ್ನಡ. ಕನ್ನಡದಲ್ಲಿ ಬರೆದರೆ ನಾನು ಇದ್ದದ್ದಕ್ಕಿಂತ ಸ್ವಲ್ಪ ದೊಡ್ಡ ಮನುಷ್ಯಳ ಹಾಗೆ ಕೇಳಿಸುತ್ತೇನೆ. ಅದರ ಫಾಯದೆ ತೆಗೆದುಕೊಳ್ಳುವವಳಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಮೊದಲು ನನ್ನ ವರದಿ. ಕಳೆದ ಮಳೆಗಾಲದಲ್ಲಿ ನೀವು ನನ್ನನ್ನು ಇಲ್ಲಿಗೆ ತಂದು ಗಾಳಿಯ ವಶಕ್ಕೆ ಒಪ್ಪಿಸಿ ಹೋದಿರಲ್ಲ, ಅಂದಿನಿಂದ ಗಾಳಿ ತನ್ನ ಕೆಲಸ ಚೊಕ್ಕ ಮಾಡುತ್ತಿದೆ. ಕೃಷ್ಣೆಯ ಮೇಲಿಂದ ಎದ್ದು ನೆಟ್ಟಗೆ ಅರ್ಜುಮಂದಳ ಅಂಗಳಕ್ಕೆ ಬರುತ್ತದೆ. ಮಸಿಯಿಲ್ಲ, ವಾಸನೆಯಿಲ್ಲ. ಬೆಳಗ್ಗೆ ಮೂಗು ಒರೆಸಿಕೊಂಡರೆ ಅರಿವೆ ಬಿಳಿದೇ ಇರುತ್ತದೆ. ಮೊದಮೊದಲು ನನ್ನ ಮೂಗೇ ಕೆಟ್ಟಿರಬೇಕು ಅನ್ನಿಸಿತ್ತು. ಈ ಗಾಳಿ ಹೊಸ ಬೀಗರ ಹಾಗೆ. ಭಾಳ ಸ್ವಚ್ಛ, ಭಾಳ ಮರ್ಯಾದೆ, ಮಾತು ಮಾತ್ರ ಒಂದೂ ಇಲ್ಲ. ನಾನು ಕೂತಿರುತ್ತೇನೆ, ಅದು ಬೀಸುತ್ತಿರುತ್ತದೆ. ಎಷ್ಟೊತ್ತು ಅಂತ ಒಬ್ಬರ ಮುಖ ಒಬ್ಬರು ನೋಡುವುದು.

ನನಗಿಲ್ಲಿ ಇರುವುದು ಒಂದೇ ನೌಕರಿ, ಉಸಿರಾಡುವುದು. ಬೇರೆ ಯಾವುದಕ್ಕೂ ಅರ್ಜುಮಂದ ಕೈ ಹಚ್ಚಗೊಡುವುದಿಲ್ಲ. ಕಸಬರಿಗೆ ಹಿಡಿದರೆ ಕಸಿದುಕೊಳ್ಳುತ್ತಾಳೆ, ಕೊಡ ಎತ್ತಿದರೆ ಓಡಿ ಬರುತ್ತಾಳೆ. ಆಪಾ, ನೀ ಸುಮ್ಮ ಕೂತು ಗಾಳಿ ತಗೋ ಅನ್ನುತ್ತಾಳೆ. ಆಮೇಲೆ ಅವಳು ಸಾಲಿಯ ಬಿಸಿಯೂಟದ ಅಡುಗೆಗೆ ಹೋಗುತ್ತಾಳೆ, ಅವಳ ಗಂಡ ಹೊಲಕ್ಕೆ ಹೋಗುತ್ತಾನೆ, ಬಾಗಿಲು ಮುಂದಕ್ಕೆ ಎಳೆದಿರುತ್ತದೆ. ಸಂಜೆಯ ತನಕ ಮನೆಯಲ್ಲಿ ನಾನು ಮತ್ತು ನನ್ನ ಆರೋಗ್ಯ, ಇಬ್ಬರೇ. ನನ್ನ ಆರೋಗ್ಯಕ್ಕೆ ಚೌಕಾಬಾರ ಆಡಲೂ ಬರುವುದಿಲ್ಲ.

ಕಲಬುರಗಿಯ ಆ ಹೆಣ್ಣುಮಗಳು, ಡಾಕ್ಟರ್ ಬಾಯಿ, ಗಾಳಿ ಬರೆದುಕೊಟ್ಟರು, ಗುಳಿಗೆ ಬರೆದುಕೊಟ್ಟರು. ಮಾತಾಡಲು ಒಬ್ಬ ಮನುಷ್ಯನನ್ನು ದಿನಕ್ಕೆ ಎರಡು ಸಲ ಊಟ ಆದ ಮೇಲೆ ಎಂದು ಬರೆಯುವುದನ್ನು ಮರೆತರು.

ಅದಕ್ಕೇ ಜುಮ್ಮಾ ಅಂದರೆ ನನಗೆ ಹಬ್ಬವಾಗಿತ್ತು. ಆ ದಿನ ಶಹಾಪುರದ ನಮ್ಮ ಓಣಿಯ ಭಟ್ಟಿಗಳಿಗೆಲ್ಲ ರಜೆ. ನೀವು ನಮಾಜು ಮುಗಿಸಿ ಸುರಪುರದ ಬಸ್ಸು ಹಿಡಿದು, ಅಲ್ಲಿ ಇಳಿದು ಇನ್ನೊಂದು ಹಿಡಿದು ಬರುತ್ತಿದ್ದಿರಿ. ಬಂದವರು ನೆಟ್ಟಗೆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ನಿಮ್ಮ ಕೂದಲಲ್ಲಿ, ಅಂಗಿಯ ಎಳೆಎಳೆಯಲ್ಲಿ ಭಟ್ಟಿ ಕೂತಿರುತ್ತಿತ್ತು. ಮೊದಲ ಸಲ ಹಾಗೇ ಒಳಗೆ ಬಂದಾಗ ನನಗೆ ಎಂಥ ಕೆಮ್ಮು ಹತ್ತಿತು ಅಂದರೆ, ನನಗಿಂತ ಮೊದಲು ನೀವೇ ಹೆದರಿ ಹೊರಗೆ ಓಡಿದಿರಿ. ಅಂದಿನಿಂದ ನಮ್ಮದೇ ಒಂದು ಪದ್ಧತಿ ಆಯಿತು. ಬಾಗಿಲ ಹೊರಗಿನ ಮೊಳೆಗೆ ನಿಮ್ಮ ಒಗೆದ ಅಂಗಿ, ಲುಂಗಿ ತೂಗುಹಾಕಿರುತ್ತಿದ್ದೆ. ನೀವು ಅದನ್ನು ತೆಗೆದುಕೊಂಡು ಹೊಳೆಗೆ ಇಳಿದು, ಸಬಕಾರ ಹಚ್ಚಿ ತಲೆ ತೊಳೆದು, ಹೊಗೆಯ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಮದುಮಗನ ಹಾಗೆ ನೀರು ತೊಟ್ಟಿಕ್ಕಿಸುತ್ತ ಮೇಲೆ ಬರುತ್ತಿದ್ದಿರಿ. ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮನ್ನು ಅಷ್ಟು ಚೊಕ್ಕ ನಾನು ನೋಡಿದ್ದೇ ಇಲ್ಲ. ಇಲ್ಲಿಯ ಓಣಿಯ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ನಗಲಿ. ಹೆಂಡತಿಯನ್ನು ನೋಡಬೇಕೆಂದರೆ ಹೊಳೆಯಲ್ಲಿ ಮುಳುಗಿ ಬರುವ ಗಂಡ ಅವರಲ್ಲಿ ಯಾರಿಗಿದ್ದಾನೆ.

ಈಗ ಎಷ್ಟೋ ಜುಮ್ಮಾಗಳಿಂದ ಆ ಅಂಗಿ ಮೊಳೆಯಲ್ಲೇ ಇದೆ. ಗುರುವಾರ ಬಂತೆಂದರೆ ಇಳಿಸಿ ಒಗೆಯುತ್ತೇನೆ, ಒಣಗಿಸಿ ಮತ್ತೆ ಅಲ್ಲೇ ಹಾಕುತ್ತೇನೆ. ಯಾರೂ ತೊಟ್ಟಿಲ್ಲ, ಬೆವರಿಲ್ಲ, ಹೊಲಸಿಲ್ಲ. ಒಗೆದದ್ದನ್ನೇ ಒಗೀತಿ, ಅಂಗಿ ಏನು ಗುನ್ಹೆ ಮಾಡ್ಯಾದ ಎಂದು ಅರ್ಜುಮಂದ ಕೇಳಿದಳು. ಧೂಳು ಕೂರುತ್ತದೆ ಅಂದೆ. ಧೂಳೇ ಇಲ್ಲ ಅಂತಲೇ ನನ್ನನ್ನು ಇಲ್ಲಿಗೆ ತಂದದ್ದು ಎಂಬುದು ನಮ್ಮಿಬ್ಬರಿಗೂ ಒಮ್ಮೆಲೇ ನೆನಪಾಯಿತು. ನೀಲಿ ಅಂಗಿ ಕಾಲರಿನ ಹತ್ತಿರ ಬಣ್ಣ ಬಿಡುತ್ತಿದೆ. ತೊಡದೆಯೇ ಹಳೆಯದಾಗುವ ಅಂಗಿಯನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಇನ್ನೊಂದು ಮಾತು, ಇದು ಡಾಕ್ಟರ್ ಬಾಯಿಯ ತನಕ ಹೋಗಬಾರದು. ನೀವು ಕೊನೆಯ ಸಲ ಬಂದಾಗ ಮರೆತು ಬಿಟ್ಟು ಹೋದ ಹೊಗೆ ಬಟ್ಟೆಯ ಗಂಟು ಇತ್ತಲ್ಲ, ಅದನ್ನು ಒಂದು ಮಧ್ಯಾಹ್ನ ಬಿಚ್ಚಿದೆ. ಸುಮ್ಮ ಬಿಚ್ಚಿದೆ. ಭತ್ತದ ಹೊಟ್ಟಿನ ಹೊಗೆ, ಸುಟ್ಟ ಉಸುಕು, ಉಪ್ಪು ಹಚ್ಚಿದ ಅಕ್ಕಿಯ ಬಿಸಿ. ಒಂದು ಗಳಿಗೆ ಮನೆ ತುಂಬ ಮಂದಿ ಇದ್ದ ಹಾಗಾಯಿತು. ಆಮೇಲೆ ಕೆಮ್ಮು ಬಂತು. ಅರ್ಜುಮಂದ ಬಂದು ಆ ಗಂಟನ್ನು ಒಯ್ದು ಎಲ್ಲಿ ಎಸೆದಳೋ ಗೊತ್ತಿಲ್ಲ. ನನಗೆ ಯಾವುದು ಬೇನೆ ತಂದಿತೋ ಅದರ ವಾಸನೆಗೇ ನಾನು ಹಂಬಲಿಸಿದೆ. ಇದಕ್ಕೆ ಯಾವ ಗುಳಿಗೆಯೋ.

ಸರಿ, ಈಗ ನಿಮ್ಮ ವಿಚಾರಣೆ.

ಮೊದಲ ಸಲ ಬರದಿದ್ದಾಗ ಜಾತ್ರೆ ಸೀಸನ್, ಆರ್ಡರ್ ಭಾಳ ಅದ ಅಂದಿರಿ. ಒಪ್ಪಿದೆ. ಎರಡನೆಯ ಸಲ ಯಾರದೋ ನಿಕಾಹ್ ಅಂದಿರಿ, ಯಾರದು ಎಂದು ಕೇಳಿದ್ದಕ್ಕೆ ಹೆಸರು ಹುಡುಕಲು ಭಾಳ ಹೊತ್ತು ತಗೊಂಡಿರಿ. ಆಮೇಲೆ ನೆವ ಹೇಳುವ ತ್ರಾಸೂ ತಗೊಳ್ಳಲಿಲ್ಲ, ಬರೇ ಮುಂದಿನ ವಾರ ಅಂದಿರಿ. ನಾನು ಏನು ತಿಳಿದುಕೊಂಡೆ ಹೇಳಲಾ? ಈ ಮನುಷ್ಯನಿಗೆ ನಾನಿಲ್ಲದೆ ರೂಢಿಯಾಯಿತು ಎಂದುಕೊಂಡೆ. ಬಿಸಿ ರೊಟ್ಟಿ ತಾನೇ ಕೊಳ್ಳುತ್ತಾನೆ, ಬೈಯುವವರಿಲ್ಲ, ಹಾಯಾಗಿದ್ದಾನೆ ಎಂದುಕೊಂಡೆ. ಹೊಳೆಯ ಕಡೆ ಮುಖ ಮಾಡಿ ಕೂತು ಒಂದು ಒಳ್ಳೆಯ ಜಗಳ ತಯಾರು ಮಾಡಿದೆ. ಅಲ್ಲಲ್ಲಿ ಅಳುವ ಜಾಗವನ್ನೂ ಗುರುತು ಮಾಡಿ ಇಟ್ಟುಕೊಂಡಿದ್ದೆ. ಅಷ್ಟು ಚಂದದ ಜಗಳ ಹಾಳಾಗಿ ಹೋಯಿತು. ಮೊನ್ನೆ ಮಲ್ಲಿಕಮ್ಮ ಬಂದಳು.

ಬಸ್ ನಿಲ್ಲುವಲ್ಲಿ ಚಹಾದ ಅಂಗಡಿ ಇಟ್ಟಿರುವ ಮಲ್ಲಿಕಮ್ಮ. ತತ್ತಿ ಕೇಳಲು ಬಂದವಳು ಹೊಸ್ತಿಲಲ್ಲಿ ನಿಂತು ಮಾತಿಗೆ ಮಾತು ಬಂದು ಕೇಳಿದಳು:

"ನಿಮ್ಮ ಯಜಮಾನ್ರು ಆರಾಮ ಅದಾರೇನ್ರಿ? ಹೋದ ಸಲ ಬಸ್ ಇಳದು ನಮ್ಮ ಬಾಕದ ಮ್ಯಾಲ ಭಾಳೊತ್ತು ಕುಂತಿದ್ರು. ಥಂಡಿಯಾಗೂ ಮೈಯೆಲ್ಲ ಬೆವರು. ಎಡಗಡಿ ಹೆಗಲು ತಿಕ್ಕೋತ ಸೋಡಾ ಮ್ಯಾಲ ಸೋಡಾ ಕುಡದ್ರು. ನಾ ಮನಿತನ ಬರ್ತೀನಿ ಅಂದ್ರ ಬ್ಯಾಡ ಅಂದ್ರು."

ತತ್ತಿ ಎಣಿಸಿ ಕೊಟ್ಟು ಕಳಿಸಿದೆ. ಕೊನೆಯ ಸಲ ಬಂದ ಆ ದಿನ ನೀವು ಹೊಳೆಗೆ ಇಳಿಯಲಿಲ್ಲ. ನೀರು ತಣ್ಣಗದ ಎಂದು ಅಂಗಳದ ಡ್ರಮ್ಮಿನಿಂದಲೇ ತಂಬಿಗೆ ಸುರುವಿಕೊಂಡಿರಿ, ನಾನು ನಿಮ್ಮನ್ನು ನವಾಬರೇ ಎಂದು ಕಾಡಿಸಿದೆ. ಹೊಳೆಯ ಮೆಟ್ಟಿಲು ಇಳಿದರೆ ಮತ್ತೆ ಏರಬೇಕಾಗುತ್ತದೆ ಎಂಬುದು ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮಲ್ಲಿಕಮ್ಮ ಬಂದು ಹೋದ ಸಂಜೆಯೇ ಫೋನು ಹಚ್ಚಿ ಹೆಗಲಿಗೆ ಏನಾಗ್ಯಾದ ಎಂದು ಕೇಳಿದೆ. ಆಗ ನೀವು ಅಂದ ಮಾತನ್ನು ಇದ್ದದ್ದಿದ್ದ ಹಾಗೆ ಇಲ್ಲಿ ದಾಖಲು ಮಾಡುತ್ತೇನೆ:

"ಅದೇನಿಲ್ಲ. ಚುರುಮುರಿ ಚೀಲ ಎತ್ತಿದ್ದೆ, ಹೆಗಲು ಹಿಡದದ."

ಗುಡ್ಡಿಯ ಅಬ್ಬಾ, ಈ ಮಾತನ್ನು ನೀವು ಒಬ್ಬ ಸಿಮೆಂಟಿನವನ ಹೆಂಡತಿಗೆ ಹೇಳಿದ್ದರೆ ನಡೆಯುತ್ತಿತ್ತು. ಜೋಳದ ಅಡತಿಯವನ ಹೆಂಡತಿಗೆ ಹೇಳಿದ್ದರೂ ನಡೆಯುತ್ತಿತ್ತು. ಚುರುಮುರಿಯವನ ಹೆಂಡತಿಗೆ ಹೇಳಿದಿರಿ. ಮನುಷ್ಯನಷ್ಟು ಎತ್ತರದ ಆ ಚೀಲವನ್ನು ನಮ್ಮ ಗುಡ್ಡಿ ಸಾಲಿಗೆ ಹೋಗುವ ಮೊದಲೇ ತಲೆಯ ಮೇಲೆ ಇಟ್ಟುಕೊಂಡು ಓಣಿಯಲ್ಲಿ ಕುಣಿಯುತ್ತಿದ್ದಳು. ಗಾಳಿ ಜೋರಾದರೆ ಚೀಲ ಹಾರಿ ಹೋಗದ ಹಾಗೆ ಮೇಲೊಂದು ಕಲ್ಲು ಇಡುವವರು ನಾವು. ಚುರುಮುರಿ ಚೀಲಕ್ಕೆ ಹೆಗಲು ಹಿಡಿದ ಗಂಡಸು ಶಹಾಪುರ, ಸುರಪುರ, ಯಾದಗಿರಿ ಮೂರೂ ತಾಲೂಕಿನಲ್ಲಿ ಹುಡುಕಿದರೂ ನೀವೊಬ್ಬರೇ. ಇನ್ನು ಮುಂದೆ ಹತ್ತಿಯ ಅರಳೆ ಕಾಲ ಮೇಲೆ ಬಿದ್ದು ಎಲುಬು ಮುರಿಯಿತು ಅನ್ನುತ್ತೀರೋ ಏನೋ.

ನಗು ಬಂತು, ಖರೇ ಹೇಳುತ್ತೇನೆ. ಫೋನು ಇಟ್ಟ ಮೇಲೂ ನಗುತ್ತಿದ್ದೆ. ಆಮೇಲೆ ನಗು ನಿಂತಿತು. ಇಷ್ಟು ಹಗುರ ಸುಳ್ಳು ಹೇಳಬೇಕಾದರೆ ಮನುಷ್ಯನಿಗೆ ಎಷ್ಟು ಹೆದರಿಕೆ ಆಗಿರಬೇಕು.

ಗುಡ್ಡಿಯನ್ನು ಕೇಳಿದೆ. ಮೊದಲು ಏನಿಲ್ಲ ಅಂದಳು, ಆಮೇಲೆ ಅತ್ತಳು. ನೀವು ಈಗ ಭಟ್ಟಿಯಿಂದ ಮನೆಯ ಬಾಗಿಲಿಗೆ ಬರಬೇಕಾದರೂ ನಡುವೆ ನಿಲ್ಲುತ್ತೀರಂತೆ. ಅಲ್ತಾಫ ದವಾಖಾನಿಗೆ ಕರೆದರೆ ಗ್ಯಾಸ್ ಆಗ್ಯಾದ ಅನ್ನುತ್ತೀರಂತೆ. ನಿಮ್ಮ ಅಮ್ಮಿಗೆ ಹೇಳಬ್ಯಾಡ, ಆಕಿ ಹೃದಯ ತಡಿಯಂಗಿಲ್ಲ ಎಂದು ಮಗಳಿಗೆ ಆಣೆ ಹಾಕಿಸಿದ್ದೀರಂತೆ. ಮಹಾಶಯರೇ, ನನ್ನ ಹೃದಯದೊಳಗೆ ಲೋಹದ ಸ್ಪ್ರಿಂಗು ಇದೆ, ಡಾಕ್ಟರ್ ಬಾಯಿ ಚಿತ್ರ ತೋರಿಸಿ ವಿವರಿಸಿದ್ದಾರೆ. ಅದು ನಿಮ್ಮದಕ್ಕಿಂತ ಗಟ್ಟಿ. ಕಾಳಜಿ ಮಾಡಬೇಕಾದದ್ದು ಸ್ಪ್ರಿಂಗು ಇಲ್ಲದವರ ಬಗ್ಗೆ.

ಗ್ಯಾಸ್ ಅಂತೀರಲ್ಲ, ನನಗೆ ಏನಾಗಿತ್ತು ನೆನಪು ಮಾಡಿಕೊಳ್ರಿ. ಆ ಮಳೆಗೆ ಹೊಟ್ಟು ತೊಯ್ದು ಭಟ್ಟಿ ಹತ್ತವಲ್ದು ಎಂದು ಹಳೆ ಟೈರಿನ ತುಂಡು ಹಾಕಿದ್ದಿರಿ. ಭಟ್ಟಿಯ ಹಿಂದಿನ ಕೋಣೆಯಲ್ಲಿ ನಾನು ಜರಡಿ ಹಿಡಿದು ಕೂತಿದ್ದೆ. ಎದೆ ನೋಯಲಿಲ್ಲ, ಸಿನಿಮಾದವರ ಹಾಗೆ ಎದೆ ಹಿಡಿದು ಬೀಳಲಿಲ್ಲ. ದವಡೆ ಜಗ್ಗಿತು. ನೀವು ಲವಂಗ ಕೊಟ್ಟಿರಿ, ನಾನು ಕಡಿದುಕೊಂಡೆ. ಮರುದಿನ ಹಲ್ಲಿನ ಡಾಕ್ಟರ ಕಡೆ ಹೋದೆವು. ಆ ಪುಣ್ಯಾತ್ಮ ಬಾಯಿ ನೋಡಿ, ಹಲ್ಲು ಚಲೋ ಅದಾವ, ಮೊದಲು ಇಸಿಜಿ ತೆಗೆಸ್ರಿ ಎಂದು ಕುರ್ಚಿಯಿಂದ ಎಬ್ಬಿಸಿ ಓಡಿಸಿದ. ಹಲ್ಲು ಕೀಳಿಸಲು ಹೋದವಳು ಕಲಬುರಗಿಯಲ್ಲಿ ಹೃದಯ ರಿಪೇರಿ ಮಾಡಿಸಿಕೊಂಡು ಬಂದೆ. ದವಡೆ, ಹೆಗಲು, ಬೆವರು, ಗ್ಯಾಸು. ಹೃದಯ ನಾನೇ ಬಂದೆ ಎಂದು ಹೇಳುವುದೇ ಇಲ್ಲ, ಬೇರೆಯವರ ಹೆಸರಿನಲ್ಲಿ ಬರುತ್ತದೆ.

ಡಾಕ್ಟರ್ ಬಾಯಿ ನಿಮ್ಮನ್ನು ನಿಲ್ಲಿಸಿಕೊಂಡು ಕೇಳಿದರಲ್ಲ, ಮನೆಯಲ್ಲಿ ಬೀಡಿ, ಸಿಗರೇಟು ಯಾರು ಸೇದುತ್ತಾರೆ ಎಂದು. ನೀವು ಎದೆ ಉಬ್ಬಿಸಿ, ನಮ್ಮ ಖಾನದಾನಿನಲ್ಲೇ ಬೀಡಿ ಮುಟ್ಟಿದವರಿಲ್ಲ ಎಂದಿರಿ. ನಿಮ್ಮ ಚಾಚಾನ ಹುಕ್ಕಾ ಆ ಹೊತ್ತಿಗೆ ನಿಮಗೆ ನೆನಪಾಗಲಿಲ್ಲ. ಭಟ್ಟಿಗೆ ಏನು ಉರಿಸುತ್ತೀರಿ ಎಂದರು. ಭತ್ತದ ಹೊಟ್ಟು ಎಂದಿರಿ. ಮಳೆಗಾಲದಲ್ಲಿ? ಅಲ್ಲಿಗೆ ನೀವು ಗೋಡೆಯ ಮೇಲಿನ ಹೃದಯದ ಪಟ ನೋಡತೊಡಗಿದಿರಿ. ನಾನೇ ಮಂಚದ ಮೇಲಿಂದ ಹೇಳಿದೆ, ನಮ್ಮ ಮನಿಯಾಗ ಯಾರೂ ಸೇದಂಗಿಲ್ಲರಿ ಬಾಯಿ, ಮನಿನೇ ಸೇದತದ. ಅವರು ನಗಲಿಲ್ಲ. ಅವರು ಅಂದದ್ದನ್ನು ನಾನು ಬಾಯಿಪಾಠ ಮಾಡಿದ್ದೇನೆ:

"ಹೊಗಿಯೊಳಗಿನ ಸಣ್ಣ ಧೂಳು ಪುಪ್ಪುಸದಾಗ ನಿಲ್ಲಂಗಿಲ್ಲ, ರಕ್ತದಾಗ ಇಳೀತದ. ರಕ್ತನಾಳ ಬಿರುಸಾಗತಾವ, ರಕ್ತ ಹೆಪ್ಪುಗಟ್ಟತದ. ಆ ಹೊಗಿ ಬೀಡಿದೋ ಭಟ್ಟಿದೋ ಅಂತ ಹೃದಯ ಕೇಳಂಗಿಲ್ಲ."

ನೀವು ಕೇಳಿಸಿಕೊಂಡಿರಿ. ಕೇಳಿಸಿಕೊಂಡು, ಅದು ಹಿಂದಿನ ಕೋಣೆಯಲ್ಲಿ ಕೂತವರಿಗೆ ಮಾತ್ರ ಲಾಗೂ ಆಗುವ ಕಾನೂನು ಎಂದು ತೀರ್ಮಾನ ಮಾಡಿದಿರಿ. ನಮ್ಮ ಓಣಿಯ ಗಂಡಸರ ನಂಬಿಕೆ ನನಗೆ ಗೊತ್ತಿಲ್ಲದ್ದೇನಲ್ಲ. ಭಟ್ಟಿಯ ಬಾಯಿಗೆ ನಿಂತವನು ಇಟ್ಟಂಗಿಯ ಹಾಗೆ ಸುಟ್ಟು ಪಕ್ಕಾ ಆಗಿರುತ್ತಾನೆ, ಅವನಿಗೆ ಹೊಗೆ ಏನೂ ಮಾಡುವುದಿಲ್ಲ. ನಿಮ್ಮ ಅಬ್ಬಾ ಹಾಗೇ ಅನ್ನುತ್ತಿದ್ದರು. ಅನ್ನುತ್ತ ಅನ್ನುತ್ತಲೇ ಒಂದು ದಿನ ಭಟ್ಟಿಯ ಮುಂದೆ ಕೂತಲ್ಲೇ ಹೋದರು, ಎಲ್ಲರೂ ಆಯುಷ್ಯ ಅಷ್ಟೇ ಇತ್ತು ಅಂದರು. ನಾನೂ ಅಂದೆ. ಈಗ ಅನ್ನಲು ನಾಲಿಗೆ ಏಳುವುದಿಲ್ಲ. ಇಟ್ಟಂಗಿ ಪಕ್ಕಾ ಆಗುತ್ತದೆ, ಗಡಿಗೆ ಪಕ್ಕಾ ಆಗುತ್ತದೆ. ಮನುಷ್ಯ ಬರೇ ಸುಡುತ್ತಾನೆ.

ಭಟ್ಟಿ ಮುಚ್ಚಿರಿ ಎಂದು ನಾನು ಹೇಳುತ್ತಿಲ್ಲ. ಆ ಜಗಳ ಬೇರೆ, ಅದನ್ನು ಆಮೇಲೆ ಬರೋಬ್ಬರಿ ಆಡೋಣ, ಇಬ್ಬರೂ ಇದ್ದರೆ. ಈಗ ಕೇಳುವುದು ಇಷ್ಟೇ. ಎದೆ ತೋರಿಸಿಕೊಳ್ಳಿ. ತಂತಿ ಹಚ್ಚಿ ಒಂದು ಪಟ್ಟಿ ಕಾಗದ ತೆಗೆಯುತ್ತಾರೆ, ಅಷ್ಟೊತ್ತು ಅಂಗಿ ಬಿಚ್ಚಿ ಮಲಗಬೇಕು. ಹೊಳೆಯ ದಂಡೆಯಲ್ಲಿ ಊರ ಮಂದಿ ಎದುರು ಬಿಚ್ಚಿದವರಿಗೆ ಡಾಕ್ಟರ ಎದುರು ನಾಚಿಕೆ ಯಾಕೆ.

ನಾನು ನಿಮ್ಮನ್ನು ಬಿಟ್ಟು ಇರಲಾರೆ ಎಂದು ಬರೆದರೆ ನೀವು ಮೀಸೆ ತಿರುವುತ್ತೀರಿ, ಅದಕ್ಕೆ ಬರೆಯುವುದಿಲ್ಲ. ಖರೇ ಏನೆಂದರೆ, ಇರಬಲ್ಲೆ. ಈ ತಿಂಗಳುಗಳಲ್ಲಿ ಕಲಿತಿದ್ದೇನೆ. ಬೆಳಗ್ಗೆ ಎದ್ದು ಯಾರಿಗೂ ಏನೂ ಅನ್ನದೆ ಮಧ್ಯಾಹ್ನ ಮಾಡಬಲ್ಲೆ, ಮಧ್ಯಾಹ್ನದಿಂದ ಸಂಜೆ ಮಾಡಬಲ್ಲೆ. ನನಗೆ ಹೆದರಿಕೆ ಆಗಿರುವುದೇ ಅದಕ್ಕೆ. ಇದನ್ನು ನಾ ಇಷ್ಟು ಚಲೋ ಕಲಿಯುವ ಅಗತ್ಯ ಇರಲಿಲ್ಲ. ಸ್ವಚ್ಛ ಗಾಳಿಯಲ್ಲಿ ನಾನೊಬ್ಬಳೇ ಗಟ್ಟಿಮುಟ್ಟಾಗಿ ಎಷ್ಟೋ ವರ್ಷ ಬದುಕಿಬಿಡುತ್ತೇನೆ ಎಂದು ಒಮ್ಮೊಮ್ಮೆ ಕೂತಲ್ಲೇ ಅನ್ನಿಸುತ್ತದೆ. ಆಗ ಈ ಗಾಳಿ ಭಾಳ ತಣ್ಣಗೆ ಹತ್ತುತ್ತದೆ.

ಇವತ್ತೂ ಜುಮ್ಮಾ. ಸಂಜೆಯ ಕೊನೆಯ ಬಸ್ಸಿನ ತನಕ ಬಾಗಿಲಲ್ಲಿ ಕೂತಿದ್ದೆ. ನೀವು ಇಳಿಯಲಿಲ್ಲ ಎಂದು ಮಲ್ಲಿಕಮ್ಮ ದೂರದಿಂದಲೇ ಕೈ ಆಡಿಸಿದಳು.

ನನ್ನ ಚಿಂತೆ ಮಾಡಬ್ಯಾಡ್ರಿ. ನಾನು ಇಲ್ಲಿ ಹೊಳೆಯ ದಂಡೆಯಲ್ಲಿ ಬೆಚ್ಚಗೆ ಶಾಲು ಹೊದ್ದು ಕೂತಿದ್ದೇನೆ. ಅಲ್ತಾಫ ಎದುರಿಗೇ ನಿಂತಿರುತ್ತಾನೆ, ಅವನ ಜೊತೆಗೆ ಹೊರಡ್ರಿ.

ನಿಮ್ಮ ಹುಕುಂ ಎಂದೂ ಕೇಳದ, ನಿಮಗೆ ಇದೊಂದು ಹುಕುಂ ಮಾಡುವ,
ಗುಡ್ಡಿಯ ಅಮ್ಮಿ
ಸುಗರಾಬಿ

ತಾ.ಕ. (ಶನಿವಾರ ಬೆಳಗ್ಗೆ): ಮೇಲೆ ಬರೆದದ್ದರಲ್ಲಿ ಎರಡು ಸುಳ್ಳು ಇವೆ. ಅಲ್ತಾಫನಿಗೆ ಗುಡಿಯ ಬಾಡಿಗೆ ಸಿಕ್ಕಿರಲಿಲ್ಲ, ಅವನ ಬಾಡಿಗೆ ನಾನೇ. ಮತ್ತೆ ನಾನು ಹೊಳೆಯ ದಂಡೆಯಲ್ಲಿ ಇಲ್ಲ. ಶಹಾಪುರದ ನಮ್ಮ ಓಣಿಯ ಬಾಯಿಗೆ, ಕಾರಿನ ಹಿಂದಿನ ಸೀಟಿನಲ್ಲಿ ಕೂತು ಇದನ್ನು ತೊಡೆಯ ಮೇಲೆ ಇಟ್ಟು ಬರೆಯುತ್ತಿದ್ದೇನೆ. ಅರ್ಜುಮಂದ ತಡೆದಳು, ಬೈದಳು, ಕೊನೆಗೆ ನನ್ನ ಗುಳಿಗೆಗಳನ್ನು ತಾನೇ ಕಟ್ಟಿಕೊಟ್ಟಳು. ಚಳಿಗೆ ಹೊಗೆ ಮೇಲೆ ಏಳದೆ ನೆಲಕ್ಕೇ ಹಾಸಿಕೊಂಡಿದೆ, ಎದುರಿನ ಮನೆಯೂ ಕಾಣುವುದಿಲ್ಲ. ನಾನು ಒಳಗೆ ಬರುವಂತಿಲ್ಲ, ನೀವೇ ಹೊರಗೆ ಬರಬೇಕು. ಇಲ್ಲಿಂದ ನೆಟ್ಟಗೆ ಕಲಬುರಗಿಗೆ. ಅಲ್ತಾಫ ಕಿಟಕಿಯ ಗ್ಲಾಸು ಏರಿಸಿದ್ದಾನೆ. ಅವನು ಈ ಕಾಗದ ತಗೊಂಡು ಆ ಕಡೆ ಮುಖ ಮಾಡಿದ ಕೂಡಲೇ ನಾನು ಅದನ್ನು ಇಳಿಸುವವಳು. ನೀವು ಬಂದು ಬಾಜೂಕ ಕೂತ ಮೇಲೆಯೇ ಏರಿಸುವುದು.